ಇದು ಹಣೆಬರಹವಲ್ಲ

ನಮ್ಮಮ್ಮನ ಹಾಡಿನ ಪುಸ್ತಕ ಅಂದರೆ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಮುಂದಿನಿಂದ ತೆರೆದರೆ ಅಪ್ಪನ ಅಡಿಕೆ ಲೆಕ್ಕ, ಹಿಂದಿನಿಂದ ತಿರುಗಿಸಿದರೆ ಅಮ್ಮನ ಹಾಡು. ಹಸೆಗೆ ಕರೆಯುವುದು, ಆರತಿ ಎತ್ತುವುದು, ಹೆಣ್ಣು ಒಪ್ಪಿಸುವುದು, ಗೌರಿಯನ್ನು ಬರಮಾಡಿಕೊಳ್ಳುವುದು, ಬೀಗರನ್ನು ಮೂದಲಿಸುವುದು, ಹೀಗೆ ಒಟ್ಟು 73 ಹಾಡು. ಅಮ್ಮ ಓದಿದ್ದು ನಾಲ್ಕನೇ ತರಗತಿ. ಒಲೆಯ ಮುಂದೆ ಕುಳಿತು, ಅತ್ತೆ, ನಾದಿನಿ, ಓರಗಿತ್ತಿಯರ ಬಾಯಿಂದ ಕೇಳಿ ಕೇಳಿ, ಸೀಸದ ಕಡ್ಡಿಯಲ್ಲಿ ಬರೆದುಕೊಂಡದ್ದು. ನನ್ನ ಬಿ.ಎ., ಬಿ.ಎಡ್. ಪ್ರಮಾಣಪತ್ರಗಳಿಗಿಂತ ಆ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಬೆಲೆ ಹೆಚ್ಚು.

2003ರಲ್ಲಿ ಅದರ ಅಂಚಿಗೆ ಗೆದ್ದಲು ಹತ್ತಿತು. ಗಾಬರಿಯಾಗಿ ಪೇಟೆಯ ಡಿಟಿಪಿ ಅಂಗಡಿಗೆ ಕೊಟ್ಟು ಎಲ್ಲ ಹಾಡುಗಳನ್ನೂ ಕಂಪ್ಯೂಟರಿಗೆ ಹಾಕಿಸಿದೆ. ಒಂದು ಫ್ಲಾಪಿ ಕೈಗಿಟ್ಟು, "ಇನ್ನು ಗೆದ್ದಲೂ ತಿನ್ನಲ್ಲ, ಮಳೆನೀರೂ ಮುಟ್ಟಲ್ಲ ಟೀಚರ್" ಅಂದರು. 2008ರಲ್ಲಿ ಮಗ ಅದನ್ನು ಪೆನ್ ಡ್ರೈವ್‌ಗೆ ಹಾಕಿಕೊಟ್ಟ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟೆ. ಆ ನಡುವೆ ಒಂದು ಮಳೆಗಾಲದಲ್ಲಿ ಅಟ್ಟ ಸೋರಿ ಪುಸ್ತಕ ಮುದ್ದೆಯಾಯಿತು. ನಾನು ಚಿಂತೆ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ!

2016ರಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಹಾಡುಗಳನ್ನು ಪುಟ್ಟ ಪುಸ್ತಕ ಮಾಡಿ ಬಾಗಿನದ ಜೊತೆ ಕೊಡೋಣ ಎಂದು ಪೆನ್ ಡ್ರೈವ್ ತೆಗೆದು ಮಗನ ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದೆ. ಆರು ಫೈಲುಗಳೂ ಇದ್ದವು. ತೆರೆದರೆ ಒಳಗೆ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಗುರುತು, ಜರ್ಮನರ ಯಾವುದೋ ಅಕ್ಷರ. ಪುಟಗಟ್ಟಲೆ ಇದೇ. 78 ವರ್ಷದ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, "ಇದೆಂತದೇ ಮಾರಾಯ್ತಿ, ಅಕ್ಷರಕ್ಕೆ ದೆವ್ವ ಮೆಟ್ಟಿಕೊಂಡಿದೆಯಾ?" ಅಂದರು.

ಮಗ, "ಫೈಲ್ ಕರಪ್ಟ್ ಆಗಿದೆ ಅಮ್ಮಾ, ಡಿಲೀಟ್ ಮಾಡು" ಎಂದ. ಅಂಗಡಿಯವರು, "ಹಳೇದು ಬರಲ್ಲ ಟೀಚರ್, ಮತ್ತೆ ಟೈಪ್ ಮಾಡಿಸಿ" ಎಂದರು. ಯಾವುದನ್ನು ನೋಡಿ ಟೈಪ್ ಮಾಡಿಸಲಿ? ಪುಸ್ತಕ ಮಣ್ಣಾಗಿ ಹೋಗಿತ್ತಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರು ಮಾತ್ರ ತತ್ತ್ವಜ್ಞಾನಿಯಂತೆ ನಕ್ಕು, "ಕಂಪ್ಯೂಟರಿಗೂ ಕನ್ನಡಕ್ಕೂ ಆಗಿಬರಲ್ಲ ಬಿಡಿ ಮೇಡಂ, ಅದು ನಮ್ಮ ಭಾಷೆಯ ಹಣೆಬರಹ" ಅಂದರು.

ಈ ಹಣೆಬರಹದ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಹೆಂಗಸರಿಗೆ ಏನೇ ನಷ್ಟವಾದರೂ ಅದಕ್ಕೆ ಇದೇ ಹೆಸರಿಡುತ್ತಾ ಬಂದಿದ್ದಾರೆ. ಈಗ ಕನ್ನಡಕ್ಕೂ ಅದೇ ಹೆಸರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಷರ ಕೆಟ್ಟು ಕಾಣುವುದು ಹಣೆಬರಹವಲ್ಲ, ದೆವ್ವವಲ್ಲ, ಕನ್ನಡದ ದೋಷವಂತೂ ಅಲ್ಲವೇ ಅಲ್ಲ. ಅದು ನಮ್ಮ ಅಸಡ್ಡೆ. ಇದನ್ನು ಹೇಳುವುದಕ್ಕೇ ಈ ಬರಹ.

ನನ್ನ ಕಣ್ಣು ತೆರೆಸಿದ್ದು ನಮ್ಮ ಶಾಲೆಯ ಗಣಿತದ ಟೀಚರು. ನನ್ನ ಅರ್ಧ ವಯಸ್ಸಿನ ಹುಡುಗಿ. ಅವಳು ಫೈಲನ್ನು ನೋಡಿ ಗಾಬರಿಯಾಗಲಿಲ್ಲ. "ಮೇಡಂ, ಇದು ಕೆಟ್ಟಿಲ್ಲ. ಇದು ನುಡಿ" ಅಂದಳು. ಮರುದಿನ ನುಡಿ ತಂತ್ರಾಂಶ ತಂದು ಹಾಕಿ, ಪುಟದ ಎಲ್ಲ ಅಕ್ಷರಗಳನ್ನೂ ಆರಿಸಿ, ಫಾಂಟಿನ ಪಟ್ಟಿಯಲ್ಲಿ 'ನುಡಿ 01 ಇ' ಎಂಬುದನ್ನು ಒತ್ತಿದಳು. ಅಷ್ಟೇ. ಪರದೆ ಸರಿಸಿದ ಹಾಗೆ ಅಮ್ಮನ ಹಾಡು ಎದುರಿಗೆ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಜೊತೆಗೇ ಸಿಟ್ಟೂ ಬಂತು. ಹೀಗೆ ಎರಡು ನಿಮಿಷದ ಕೆಲಸವನ್ನು 'ಡಿಲೀಟ್ ಮಾಡು' ಎಂದವರೆಲ್ಲ ಕಂಪ್ಯೂಟರು ಬಲ್ಲವರೇ!

ಯಾಕೆ ಹೀಗಾಗುತ್ತದೆ ಎಂದು ಆ ಹುಡುಗಿಯಿಂದಲೇ ಪಾಠ ಹೇಳಿಸಿಕೊಂಡೆ. ನಿಮಗೂ ಹೇಳುತ್ತೇನೆ. ಕಷ್ಟವಿಲ್ಲ, ಹೆದರಬೇಡಿ.

ನನ್ನ ಮದುವೆಯಾದದ್ದು 1994ರಲ್ಲಿ. ಆಗ ದೂರದ ನೆಂಟರು ಶುಭಾಶಯದ ತಂತಿ ಕಳಿಸುತ್ತಿದ್ದರು. ತಂತಿ ಕಚೇರಿಯಲ್ಲಿ ಒಂದು ಪಟ್ಟಿ ಇರುತ್ತಿತ್ತು, ನೆನಪಿದೆಯೇ? ಮದುವೆಗೊಂದು ವಾಕ್ಯ, ಮಗು ಹುಟ್ಟಿದ್ದಕ್ಕೊಂದು, ದೀಪಾವಳಿಗೊಂದು. ಪ್ರತಿಯೊಂದಕ್ಕೂ ಒಂದು ನಂಬರು. ಅಲ್ಲಿಂದ ನಂಬರು ಬಂದರೆ ಇಲ್ಲಿಯವರು ತಮ್ಮ ಪಟ್ಟಿ ನೋಡಿ ವಾಕ್ಯ ಬರೆದು ಕೊಡುತ್ತಿದ್ದರು. 2013ರಲ್ಲಿ ತಂತಿಯೇ ನಿಂತುಹೋಯಿತು, ಆದರೆ ಉಪಾಯ ನಿಂತಿಲ್ಲ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದರ ಹೊಟ್ಟೆಯಲ್ಲಿ ಇರುವುದು ಬರೀ ನಂಬರು. ಇಂಗ್ಲಿಷಿನ ದೊಡ್ಡ ಎ ಎಂದರೆ 65, ದೊಡ್ಡ ಪಿ ಎಂದರೆ 80. ತೆರೆಯ ಮೇಲೆ ತೋರಿಸುವಾಗ ಪಟ್ಟಿ ನೋಡಿ ಅಕ್ಷರ ಬಿಡಿಸುತ್ತದೆ. ಬರೆದವರ ಪಟ್ಟಿ, ಓದುವವರ ಪಟ್ಟಿ ಎರಡೂ ಒಂದೇ ಆಗಿರಬೇಕು. ಪಟ್ಟಿ ಬೇರೆಯಾದರೆ ಮದುವೆ ಮನೆಗೆ ದೀಪಾವಳಿಯ ಶುಭಾಶಯ! ಅಕ್ಷರ ಕೆಡುವುದು ಎಂದರೆ ಇಷ್ಟೇ. ನಂಬರು ಸರಿಯಾಗಿಯೇ ಇರುತ್ತದೆ, ನೋಡುವ ಪಟ್ಟಿ ತಪ್ಪಿರುತ್ತದೆ.

ಹಿಂದಿನ ಕಂಪ್ಯೂಟರುಗಳ ಪಟ್ಟಿಯಲ್ಲಿ ಇದ್ದದ್ದು 256 ಮನೆಗಳು. ಮೊದಲ 128 ಇಂಗ್ಲಿಷಿನವು, ಉಳಿದವು ಯುರೋಪಿನ ಭಾಷೆಗಳಿಗೆ ಬೇಕಾದ ಗೀಟು ಚುಕ್ಕಿಗಳವು. ಕನ್ನಡಕ್ಕೆ ಜಾಗವೇ ಇರಲಿಲ್ಲ. ಆಗ ನಮ್ಮವರು ಒಂದು ಜಾಣತನ ಮಾಡಿದರು. ಇಂಗ್ಲಿಷಿನ ನಂಬರುಗಳಿಗೇ ಕನ್ನಡದ ವೇಷ ಹಾಕಿದರು. ಯಕ್ಷಗಾನದಲ್ಲಿ ಗದ್ದೆ ಕೆಲಸದ ಗಂಡಸು ಬಣ್ಣ ಹಚ್ಚಿ, ಸೀರೆ ಉಟ್ಟು ದ್ರೌಪದಿಯಾಗುವುದಿಲ್ಲವೇ, ಹಾಗೆ. 'ಕನ್ನಡ' ಎಂದು ನುಡಿಯ ಹಳೆಯ ಫಾಂಟಿನಲ್ಲಿ ಬರೆದರೆ ಒಳಗೆ ಸೇರುವುದು 80, 192, 163, 192, 223, 113, 192 ಎಂಬ ಏಳು ನಂಬರು. 80 ಎಂದರೆ ನಿಜಕ್ಕೂ ಇಂಗ್ಲಿಷಿನ ಪಿ. ವೇಷದಲ್ಲಿ ತಲೆಕಟ್ಟಿಲ್ಲದ ಕ. 192 ನಿಜಕ್ಕೂ ಗೀಟು ಹೊತ್ತ ಎ, ವೇಷದಲ್ಲಿ ತಲೆಕಟ್ಟು. 163 ನಿಜಕ್ಕೂ ಪೌಂಡಿನ ಗುರುತು, ವೇಷದಲ್ಲಿ ನ. ವೇಷದ ಪೆಟ್ಟಿಗೆ, ಅಂದರೆ ಆ ಫಾಂಟು, ಕಂಪ್ಯೂಟರಿನಲ್ಲಿ ಇರುವ ತನಕ ಎಲ್ಲ ಚಂದ. ಪೆಟ್ಟಿಗೆ ಇಲ್ಲದ ಊರಿಗೆ ಹೋದರೆ ದ್ರೌಪದಿ ಮೀಸೆ ಹೊತ್ತು ನಿಲ್ಲುತ್ತಾಳೆ. ಅಮ್ಮ ಕಂಡ ದೆವ್ವ ಅದೇ.

ಆ ಜಾಣತನವನ್ನು ನಾನು ಹೀಯಾಳಿಸುತ್ತಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ಕೊಡದಿದ್ದರೆ, ಕನ್ನಡ ಗಣಕ ಪರಿಷತ್ತಿನವರು 'ನುಡಿ' ಮಾಡದಿದ್ದರೆ, ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸದಿದ್ದರೆ, ಆ ಹೊತ್ತಿನಲ್ಲಿ ಕನ್ನಡ ಕಂಪ್ಯೂಟರಿನ ಹೊಸ್ತಿಲು ದಾಟುವುದು ಕಷ್ಟವಿತ್ತು. ಅವರಿಗೆ ಕೈ ಮುಗಿಯುತ್ತೇನೆ. ನನ್ನ ಜಗಳ ಅವರ ಮೇಲಲ್ಲ. ಸ್ವಂತ ಮನೆ ಕಟ್ಟಿ ಮುಗಿದ ಮೇಲೂ ಬಾಡಿಗೆ ಮನೆಯಲ್ಲೇ ಕೂತು ಸೂರು ಸೋರುತ್ತದೆ ಎಂದು ಗೋಳಾಡುವ ನಮ್ಮ ಮೇಲೆ.

ಸ್ವಂತ ಮನೆ ಎಂದರೆ ಯೂನಿಕೋಡ್. ಲೋಕದ ಎಲ್ಲ ಲಿಪಿಗಳಿಗೂ ಒಂದೇ ದೊಡ್ಡ ಪಟ್ಟಿ, ಯಾರ ನಂಬರು ಯಾರಿಗೂ ಅಡ್ಡ ಬರದ ಹಾಗೆ. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ನಿವೇಶನ ಸಿಕ್ಕಿತು: 3200ರಿಂದ 3327ರ ತನಕ, 128 ಮನೆ. ಅಲ್ಲಿ ಕ ಎಂದರೆ 3221. ಅದು ಪಿ ಅಲ್ಲ, ಪೌಂಡ್ ಅಲ್ಲ. ಬೆಂಗಳೂರಿನಲ್ಲೂ ಬೋಸ್ಟನ್ನಿನಲ್ಲೂ ಕ ಮಾತ್ರ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಯೂನಿಕೋಡ್ ಫಾಂಟೇ ಇತ್ತು. ಅದರ ಹೆಸರೇನು ಗೊತ್ತೇ? ತುಂಗಾ! ನಮ್ಮ ಹೊಳೆಯ ಹೆಸರು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದೂ ಈ ಯೂನಿಕೋಡಿನಲ್ಲೇ. ಸರ್ಕಾರಿ ಕೆಲಸದ ಭಾರತೀಯ ಭಾಷೆಗಳಿಗೆ ಇದೇ ಶಿಷ್ಟತೆ ಎಂದು ಕೇಂದ್ರ ಸರ್ಕಾರ 2009ರಲ್ಲಿ ಹೇಳಿತು. ನಿಮ್ಮ ಮೊಬೈಲಿನಲ್ಲಿ ಮಗಳಿಗೆ 'ಊಟ ಆಯ್ತಾ' ಎಂದು ಕನ್ನಡದಲ್ಲಿ ಕಳಿಸುತ್ತೀರಲ್ಲ, ಅದೂ ಯೂನಿಕೋಡೇ. ನುಡಿ, ಬರಹ ಎರಡರಲ್ಲೂ ಯೂನಿಕೋಡಿನಲ್ಲಿ ಬರೆಯುವ ಅನುಕೂಲ ಬಂದು ಎಷ್ಟೋ ಕಾಲವಾಯಿತು. ನನ್ನ ಅಮ್ಮನ ಹಾಡು ಫ್ಲಾಪಿಗೆ ಹೋದ 2003ರಲ್ಲೇ ಮನೆ ಸಿದ್ಧವಿತ್ತು. ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕನ್ನಡ ಪಾಠ ಹೇಳುವವಳಾಗಿ ನನಗೆ ಯೂನಿಕೋಡಿನಲ್ಲಿ ಬಹಳ ಇಷ್ಟವಾದದ್ದು ಇನ್ನೊಂದಿದೆ. ಹಳೆಯ ಫಾಂಟು ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಇಡುತ್ತದೆ: ಮೈ ಒಂದು ಕಡೆ, ತಲೆಕಟ್ಟು ಒಂದು ಕಡೆ, ಒತ್ತು ಮತ್ತೊಂದು ಕಡೆ. ಯೂನಿಕೋಡು ಇಡುವುದು ಉಚ್ಚಾರದ ಕ್ರಮವನ್ನು. 'ಕನ್ನಡ' ಎಂದರೆ ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ. ಒತ್ತಕ್ಷರ ಬಿಡಿಸುವುದನ್ನು ಐದನೇ ತರಗತಿಯ ಮಕ್ಕಳಿಗೆ ಕರಿಹಲಗೆಯ ಮೇಲೆ ಕಲಿಸುವ ರೀತಿಯೇ ಅದು!

ಇಷ್ಟೆಲ್ಲ ತಿಳಿದ ಮೇಲೆ ನಾನು ಜಾಣೆಯಾದೆ ಎಂದುಕೊಂಡಿರಾ? ಇಲ್ಲ. ನನ್ನ ತಪ್ಪನ್ನೂ ಹೇಳಲೇಬೇಕು. ನುಡಿಯಲ್ಲೇ ಇರುವ ಪರಿವರ್ತಕದಿಂದ ಹಳೆಯ ಫೈಲನ್ನು ಯೂನಿಕೋಡಿಗೆ ತಿರುಗಿಸುವುದನ್ನು ಗಣಿತದ ಟೀಚರು ತೋರಿಸಿಕೊಟ್ಟಳು. ಸಂಜೆ ಮನೆಯಲ್ಲಿ ಒಬ್ಬಳೇ ಕೂತು ಮೊದಲ ಫೈಲಿನ 14 ಹಾಡುಗಳನ್ನು ತಿರುಗಿಸಿದೆ. ಚೆಂದದ ಕನ್ನಡ ಬಂತು. ಅದನ್ನು ನೋಟ್‌ಪ್ಯಾಡಿನಲ್ಲಿ ಹಾಕಿ ಉಳಿಸಲು ಹೋದಾಗ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ಈ ಫೈಲಿನಲ್ಲಿ ಯೂನಿಕೋಡ್ ಅಕ್ಷರಗಳಿವೆ, ಆನ್ಸಿ ರೀತಿಯಲ್ಲಿ ಉಳಿಸಿದರೆ ಅವು ಕಳೆದುಹೋಗುತ್ತವೆ ಎಂಬುದು ಅದರ ಅರ್ಥ. ನಾನು ಓದಲಿಲ್ಲ. ಓದದೆ 'ಓಕೆ' ಒತ್ತಿದೆ. ಮನೆ ಗುಡಿಸಿದ ಮೇಲೆ ಕಸ ಚೆಲ್ಲುವ ಹೆಣ್ಣುಬುದ್ಧಿ ನೋಡಿ, ಹಳೆಯ ಫೈಲು ಇನ್ನು ಯಾಕೆ ಎಂದು ಅದನ್ನು ಪೆನ್ ಡ್ರೈವಿನಿಂದ ಅಳಿಸಿಯೂ ಬಿಟ್ಟೆ.

ಬೆಳಿಗ್ಗೆ ತೆರೆದರೆ ಹದಿನಾಲ್ಕು ಹಾಡಿನ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆ. ಸಾಲು ಸಾಲು ಪ್ರಶ್ನೆ. ಗಣಿತದ ಟೀಚರು ನೋಡಿ ಈ ಸಲ ನಗಲಿಲ್ಲ. "ಮೇಡಂ, ಇದು ಬರಲ್ಲ" ಅಂದಳು. ಇಲ್ಲಿ ಪಟ್ಟಿ ತಪ್ಪಿದ್ದಲ್ಲ, ನಂಬರೇ ಹೋಗಿತ್ತು. ಆನ್ಸಿಯ ಪಟ್ಟಿಯಲ್ಲಿ ಕನ್ನಡಕ್ಕೆ ಮನೆ ಇಲ್ಲವಾದ್ದರಿಂದ ಪ್ರತಿ ಅಕ್ಷರದ ಜಾಗದಲ್ಲೂ ಕಂಪ್ಯೂಟರು ಒಂದೊಂದು ಪ್ರಶ್ನೆ ಇಟ್ಟು ಕೈತೊಳೆದುಕೊಂಡಿತ್ತು.

ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ಯಾವ ಯಾವ ಹಾಡು ಮೊದಲಿಗೆ ಬರೆದಿದ್ದೆ ಅಮ್ಮಾ? ಅಮ್ಮ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಐದು ಹಾಡು ಹೇಳಿದರು. ಆರನೆಯದು ಅರ್ಧಕ್ಕೆ ನಿಂತಿತು. "ಇದನ್ನ ನಮ್ಮ ದೊಡ್ಡ ನಾದಿನಿ ಹೇಳ್ತಿದ್ಳು, ಅವಳ ಜೊತೆಗೇ ಹೋಯ್ತು ಕಾಣ್ತದೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಒಂಬತ್ತು ಹಾಡು ಹೋದದ್ದು ನನ್ನ ಒಂದು ಬೆರಳಿನ ಒತ್ತಿನಿಂದ.

ಉಳಿದ ಐದು ಫೈಲುಗಳನ್ನು ಎಚ್ಚರದಿಂದ ತಿರುಗಿಸಿ, ಒಂದೊಂದನ್ನೂ ಅಮ್ಮನಿಗೆ ಓದಿ ಹೇಳಿ ತಿದ್ದಿದೆ. ಪರಿವರ್ತಕವೂ ಅಲ್ಲಲ್ಲಿ ಎಡವುತ್ತದೆ, ಅರ್ಕಾವೊತ್ತಿನ ಹತ್ತಿರ ಹೆಚ್ಚು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಅದಲು ಬದಲಾದರೆ ಕರ್ನಾಟಕ 'ಕನಾರ್ಟಕ'ವಾಗುತ್ತದೆ. ನಮ್ಮ ಹಾಡಿನಲ್ಲಿ ಪಾರ್ವತಿ 'ಪಾವರ್ತಿ'ಯಾಗಿದ್ದಳು. ಅಮ್ಮ ನಕ್ಕದ್ದು ಆಗ ಒಂದೇ ಸಲ: "ಶಿವನಿಗೆ ಗುರುತೇ ಸಿಗಲಿಕ್ಕಿಲ್ಲ."

ಗೆಳತಿಯರೇ, ಮನೆಮದ್ದಿನ ಹಾಗೆ ಇಷ್ಟನ್ನು ನೆನಪಿಡಿ. ಕೆಟ್ಟ ಅಕ್ಷರಕ್ಕೆ ನಾಲ್ಕು ಲಕ್ಷಣ. ಬರೀ ಚೌಕದ ಡಬ್ಬಿಗಳು ಕಂಡರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟಿಲ್ಲ ಎಂದರ್ಥ; ಬರಹ ಕ್ಷೇಮ, ಫಾಂಟು ಹಾಕಿ. ತಲೆಯ ಮೇಲೆ ಗೀರಿರುವ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಬಂದರೆ ಅದು ಒಳ್ಳೆಯ ಯೂನಿಕೋಡ್ ಕನ್ನಡವೇ. ಯುಟಿಎಫ್-8 ಎಂಬ ರೀತಿಯಲ್ಲಿ ಒಂದು ಕನ್ನಡ ಅಕ್ಷರವನ್ನು ಮೂರು ಸಣ್ಣ ನಂಬರುಗಳಾಗಿ ಇಡುತ್ತಾರೆ. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೆ 179. ಕಂಪ್ಯೂಟರು ಮೂರನ್ನೂ ಕೂಡಿಸಿ ಓದದೆ ಬಿಡಿ ಬಿಡಿಯಾಗಿ ಓದಿದಾಗ ಈ ರೂಪ. ಫೈಲನ್ನು ತೆರೆಯುವಾಗ ಯುಟಿಎಫ್-8 ಎಂದು ಆರಿಸಿ. ಎಕ್ಸೆಲ್‌ನಲ್ಲಾದರೆ ಡೇಟಾ ವಿಭಾಗದಿಂದ ಫೈಲು ತರಿಸಿಕೊಂಡು ಮೂಲದ ಜಾಗದಲ್ಲಿ 65001 ಎಂಬುದನ್ನು ಹುಡುಕಿ ಒತ್ತಿ. ಮೂರನೆಯದು ಪಿ, ಗೀಟಿನ ಎ, ಪೌಂಡ್ ಗುರುತಿನ ಕಲಸುಮೇಲೋಗರ: ಹಳೆಯ ನುಡಿ ಅಥವಾ ಬರಹದ ವೇಷ. ಫಾಂಟು ಹಾಕಿ ನೋಡಿ, ಆಮೇಲೆ ಪರಿವರ್ತಿಸಿ. ನಾಲ್ಕನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿ ಎಲ್ಲಿದೆ ಹುಡುಕಿ. ವಿಂಡೋಸ್ 10ರ ನೋಟ್‌ಪ್ಯಾಡು 2019ರಿಂದ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದಕ್ಕೂ ಹಳೆಯದಾದರೆ ಉಳಿಸುವಾಗ ನೀವೇ ಆರಿಸಬೇಕು. ಮತ್ತೆ, ಮೂಲದ ಫೈಲನ್ನು ಎಂದೂ ಅಳಿಸಬೇಡಿ. ಇದನ್ನು ನಾನು ಒಂಬತ್ತು ಹಾಡು ಕೊಟ್ಟು ಕಲಿತದ್ದು.

ಇನ್ನು ಜಗಳದ ಮಾತು. "ಪ್ರಿಂಟು ಸರಿ ಬರ್ತದಲ್ಲ, ಕಣ್ಣಿಗೆ ಕನ್ನಡ ಕಾಣ್ತದಲ್ಲ, ಇನ್ನೇನು ಬೇಕು ನಿಮಗೆ?" ಎಂದು ಕೇಳುವವರು ಈಗಲೂ ಇದ್ದಾರೆ. ಈಗಲೂ ಹಳೆಯ ಫಾಂಟಿನಲ್ಲೇ ಸುತ್ತೋಲೆ ಹೊರಡಿಸುವ ಕಚೇರಿಗಳಿವೆ, ಪುಸ್ತಕ ಕಟ್ಟುವ ಮುದ್ರಣಾಲಯಗಳಿವೆ. ಅವರಿಗೆ ನನ್ನ ತರಗತಿಯ ಒಬ್ಬ ಹುಡುಗನ ಕಥೆ ಹೇಳಬೇಕು. ಅವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಕಂಪ್ಯೂಟರಿನಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿದೆ, ಕನ್ನಡವನ್ನೂ ಓದುತ್ತದೆ. ಯೂನಿಕೋಡಿನ ಪಾಠ ಹಾಕಿದರೆ ಅವನು ತಲೆದೂಗುತ್ತಾ ಕೇಳುತ್ತಿದ್ದ. ಒಂದು ದಿನ ಯಾರೋ ಕೊಟ್ಟ ನೋಟ್ಸು ಹಾಕಿದೆ. ಅದು ಹಳೆಯ ಫಾಂಟಿನದು. ಯಂತ್ರ ಇಂಗ್ಲಿಷಿನ ಅಕ್ಷರಗಳನ್ನು ಒದರತೊಡಗಿತು. ಅವನು ಸ್ವಲ್ಪ ಹೊತ್ತು ಕೇಳಿ, "ಟೀಚರ್, ಇದು ಯಾವ ಭಾಷೆ?" ಅಂದ. ಏನು ಹೇಳಲಿ? ನಮ್ಮ ಕಣ್ಣಿಗೆ ಅಪ್ಪಟ ಕನ್ನಡ, ಅವನ ಕಿವಿಗೆ ಬಡಬಡಿಕೆ. ಕಣ್ಣಿಗೆ ಮಾತ್ರ ಕನ್ನಡವಾಗಿ ಕಂಡದ್ದು ಕನ್ನಡವಲ್ಲ ಎಂದು ನನಗೆ ಕಲಿಸಿದ್ದು ಕಣ್ಣಿಲ್ಲದ ಆ ಹುಡುಗ.

ಹುಡುಕುವ ಸಂಗತಿಯೂ ಹಾಗೆಯೇ. ವೇಷದ ಕನ್ನಡದಲ್ಲಿ ಬರೆದಿಟ್ಟ ಸಾವಿರ ಪುಟದಲ್ಲಿ 'ಹಸೆ' ಎಂಬ ಪದ ಎಲ್ಲಿದೆ ಎಂದು ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಅದು ಒಳಗೆ 'ಹಸೆ' ಆಗಿದ್ದರೆ ತಾನೆ! ಇನ್ನು ಕೆಲವರು ಸುತ್ತೋಲೆಯ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತಾರೆ. ಅದು ಬರಹವಲ್ಲ, ಬರಹದ ಚಿತ್ರ. ಗೋಡೆಯ ಮೇಲೆ ಬರೆದ ಹೋಳಿಗೆಯಿಂದ ಹೊಟ್ಟೆ ತುಂಬೀತೇ?

ಯೂನಿಕೋಡಿನಲ್ಲಿ ಬರೆದರೂ ಎಚ್ಚರ ತಪ್ಪಬಾರದು. ಒಮ್ಮೆ ನಾನೇ ಮಾಡಿದ ಹಾಜರಿ ಪಟ್ಟಿಯಲ್ಲಿ ಗಂಗಾ ಎಂಬ ಹುಡುಗಿಯ ಹೆಸರು ಹುಡುಕಿದರೆ ಸಿಗಲೇ ಇಲ್ಲ. ಕಣ್ಣೆದುರಿಗೆ ಇದೆ, ಕಂಪ್ಯೂಟರು ಇಲ್ಲ ಅನ್ನುತ್ತದೆ. ಆಮೇಲೆ ತಿಳಿಯಿತು, ಅನುಸ್ವಾರದ ಸೊನ್ನೆಯ ಬದಲು ನಾನು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ. ಒಳಗೆ ಅನುಸ್ವಾರ 3202, ಅಂಕಿಯ ಸೊನ್ನೆ 3302. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಹೀಗಾದರೆ ಆ ಮಗುವಿನ ಗತಿಯೇನು? ಹೆಸರು ಬರೆಯುವುದೂ ಒಂದು ಜವಾಬ್ದಾರಿ.

ಮುದ್ರಣದವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಅವರು ಕೈಪಳಗಿದ ಪೇಜ್‌ಮೇಕರ್ ಯೂನಿಕೋಡ್ ಕನ್ನಡಕ್ಕೆ ಒಗ್ಗುವುದಿಲ್ಲ. ಬಗೆಬಗೆಯ ಅಕ್ಷರ ವಿನ್ಯಾಸ ಹಳೆಯ ಫಾಂಟುಗಳಲ್ಲಿ ಸಿಕ್ಕಷ್ಟು ಯೂನಿಕೋಡಿನಲ್ಲಿ ಬಹುಕಾಲ ಸಿಗಲಿಲ್ಲ. ಒಪ್ಪುತ್ತೇನೆ. ಪುಟವನ್ನು ಅವರಿಗೆ ಬೇಕಾದ್ದರಲ್ಲಿ ಕಟ್ಟಲಿ. ಆದರೆ ಏನಾಗುತ್ತದೆ ನೋಡಿ: ಲೇಖಕಿ ಯೂನಿಕೋಡಿನಲ್ಲಿ ಕಳಿಸಿದ್ದನ್ನು ಅವರು ಹಳೆಯ ಫಾಂಟಿಗೆ ತಿರುಗಿಸಿಕೊಳ್ಳುತ್ತಾರೆ. ಕರಡು ತಿದ್ದುವುದೆಲ್ಲ ಆ ಪ್ರತಿಯಲ್ಲೇ. ಪುಸ್ತಕ ಅಚ್ಚಾಗುತ್ತದೆ. ಲೇಖಕಿಯ ಬಳಿ ಉಳಿಯುವುದು ತಪ್ಪಿರುವ ಯೂನಿಕೋಡ್ ಪ್ರತಿ, ಅಂಗಡಿಯಲ್ಲಿ ಉಳಿಯುವುದು ತಿದ್ದಿದ ವೇಷದ ಪ್ರತಿ. ಹತ್ತು ವರ್ಷದ ಮೇಲೆ ಮರುಮುದ್ರಣ ಎಂದರೆ ಅಂಗಡಿ ಮುಚ್ಚಿರುತ್ತದೆ. ತಿದ್ದಿದ ಪ್ರತಿಯನ್ನು ಯೂನಿಕೋಡಿಗೆ ತಿರುಗಿಸಿ ಲೇಖಕಿಯ ಕೈಗೆ ಕೊಡುವುದು ಅರ್ಧ ದಿನದ ಕೆಲಸ. ಅದನ್ನು ಕೇಳುವುದು ನಮ್ಮ ಹಕ್ಕು.

ನವೆಂಬರ್ ಒಂದರಂದು ಬಾವುಟ ಹಾರಿಸುತ್ತೇವೆ, ಶಾಲು ಹೊದಿಸುತ್ತೇವೆ, ಕನ್ನಡ ಉಳಿಸಿ ಎಂದು ಗಂಟಲು ಹರಿಯುವಂತೆ ಕೂಗುತ್ತೇವೆ. ನಾನೂ ಕೂಗಿದ್ದೇನೆ, ಮಕ್ಕಳಿಂದ ಕೂಗಿಸಿದ್ದೇನೆ. ಆ ಸಮಾರಂಭದ ಸ್ಮರಣ ಸಂಚಿಕೆ ಮಾತ್ರ ಹತ್ತು ವರ್ಷಕ್ಕೆ ಯಾವ ಕಂಪ್ಯೂಟರಿನಲ್ಲೂ ತೆರೆಯದ ಫೈಲಾಗಿ ಕೂತಿರುತ್ತದೆ. ಭಾಷೆ ಸಾಯುವುದು ಶತ್ರುಗಳಿಂದ ಮಾತ್ರವಲ್ಲ. ಓದದೆ ಒತ್ತಿದ ಒಂದು 'ಓಕೆ'ಯಿಂದಲೂ ಒಂಬತ್ತು ಹಾಡಿನಷ್ಟು ಸಾಯುತ್ತದೆ.

ಕೊನೆಯದಾಗಿ ನಮ್ಮದೇ ಮಾತು. "ಅದೆಲ್ಲ ನಮಗೆ ತಿಳಿಯಲ್ಲಪ್ಪ, ಮಕ್ಕಳು ನೋಡ್ಕೋತಾರೆ" ಎಂದು ನಾವು ಹೆಂಗಸರು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದು ಚುಕ್ಕಿ ತಪ್ಪದೆ ಸುತ್ತುವವರು ನಾವು. ಸ್ವೆಟರಿನ ನಮೂನೆಯಲ್ಲಿ ಎರಡು ಸುಲಟೆ ಎರಡು ಉಲಟೆ ಎಂದು ನಂಬರು ಓದಿ ಹೂವು ಎಬ್ಬಿಸುವವರು ನಾವು. ನಂಬರಿನಿಂದ ಆಕಾರ ಮಾಡುವ ವಿದ್ಯೆ ನಮಗೆ ಹೊಸದೇ? ಮನೆಯ ಹಾಡು, ಹಸೆ, ಅಡುಗೆ, ಮದ್ದು ಎಲ್ಲ ಇರುವುದು ನಮ್ಮ ನೋಟ್‌ಪುಸ್ತಕಗಳಲ್ಲಿ. ಅದನ್ನು ಕಾಯುವ ಕೆಲಸವನ್ನು 'ಡಿಲೀಟ್ ಮಾಡು' ಅನ್ನುವವರ ಕೈಗೆ ಕೊಡಬೇಡಿ.

ಡಿಟಿಪಿ ಅಂಗಡಿಗೆ ಹೋದಾಗ ಬೆಲೆ ಕೇಳುವ ಮೊದಲು ಕೇಳಿ: "ಇದನ್ನು ಯೂನಿಕೋಡಿನಲ್ಲಿ ಮಾಡಿಕೊಡ್ತೀರಾ?" ಅವರು ಹೂಂ ಅಂದರೆ, ಆ ಫೈಲಿನ ಎರಡು ಸಾಲನ್ನು ನಿಮ್ಮ ಮೊಬೈಲಿಗೆ ಬರಹವಾಗಿಯೇ ಕಳಿಸಲು ಹೇಳಿ. ಅಲ್ಲೇ ನಿಂತು ತೆರೆದು ನೋಡಿ. ಕನ್ನಡ ಕಂಡರೆ ದುಡ್ಡು ಕೊಡಿ. ಪಿ, ಪೌಂಡ್ ಕಂಡರೆ ವಾಪಸು ಕೊಟ್ಟು ಮಾಡಿಸಿಕೊಳ್ಳಿ. ಹಳೆಯ ಫ್ಲಾಪಿ, ಸಿ.ಡಿ., ಪೆನ್ ಡ್ರೈವ್ ಬೀರುವಿನಲ್ಲಿ ಇದ್ದರೆ ಈ ಭಾನುವಾರವೇ ಹೊರಗೆ ತೆಗೆಯಿರಿ. ಹಾಡು ಬಲ್ಲ ಅಮ್ಮ, ಅತ್ತೆ, ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡೇ ತೆರೆಯಿರಿ. ಪಾರ್ವತಿ ಎಲ್ಲಿ ಪಾವರ್ತಿಯಾಗಿದ್ದಾಳೆ ಎಂದು ಹೇಳಬಲ್ಲವರು ಅವರೇ.